ರಾಡಿ ಮಣಿಯವಳ ಉತ್ತರ

ಶಾಲಿವಾಹನ ಶಕೆ ೨೧೧೪, ಶ್ರಾವಣದ ಎರಡನೆಯ ಸೋಮವಾರ. ನಿಮ್ಮ ಇಸವಿಯ ಲೆಕ್ಕದಲ್ಲಿ ೨೧೯೨.

ಸುಮಂಗಲಕ್ಕನವರಿಗೆ ನಿಂಬೆವ್ವ ಮಾಡುವ ಶರಣು.

ಇವತ್ತು ನನಗೆ ಉಪವಾಸ. ಬೆಳಗಿನ ಕೆಲಸ ಮುಗಿಸಿ ಕೂತಿದ್ದೇನೆ. ಕಸ ಗುಡಿಸಿದೆ, ಹೊಸ್ತಿಲು ಒರೆಸಿ ರಂಗೋಲಿ ಎಳೆದೆ, ಎಮ್ಮೆ ಹಿಂಡಿದೆ, ಉಣ್ಣುವವರಿಗೆ ರೊಟ್ಟಿ ಬಡಿದಿಟ್ಟೆ, ಮಂಜಿನ ಬಲೆ ಹಿಂಡಿ ಒಂದೂವರೆ ಕೊಡ ನೀರು ಇಳಿಸಿದೆ. ಮಂಜಿನ ಬಲೆ ಎಂದರೆ ನಿಮಗೆ ತಿಳಿಯಲಿಕ್ಕಿಲ್ಲ. ಮಾಳಿಗೆಯ ಮೇಲೆ ಕಟ್ಟುವ ಸಣ್ಣ ಕಣ್ಣಿನ ಬಟ್ಟೆ ಅದು; ನಸುಕಿನ ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಕಾಗದದಲ್ಲಿದ್ದ ಬೋರ್‌ವೆಲ್ ನಮಗೆ ಹಾಗೆಯೇ ತಿಳಿಯಲಿಲ್ಲ, ಶಾಲೆಯ ಮಾಸ್ತರರನ್ನು ಕೇಳಬೇಕಾಯಿತು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿರಿ. ನೀವು ಕಲಿಸುತ್ತಿದ್ದ ಶಾಲೆಯಲ್ಲೇ ನಾನೂ ಏಳನೆಯ ತನಕ ಓದಿದವಳು. ಅದಕ್ಕಿಂತ ಹೆಚ್ಚಿನದು ನನಗೆ ಬಾರದು.

ಹೋದ ತಿಂಗಳು ಆ ಶಾಲೆಯ ನೆಲದ ಕಲ್ಲು ಎಬ್ಬಿಸಿದಾಗ ತಾಮ್ರದ ಪೆಟ್ಟಿಗೆ ಸಿಕ್ಕಿತು. ಶಾಲೆಗೆ ನೂರು ವರ್ಷ ತುಂಬಿದಾಗ ನೀವೆಲ್ಲ ಮುಂದಿನವರಿಗೆ ಕಾಗದ ಬರೆದು ಹೂತಿಟ್ಟ ಪೆಟ್ಟಿಗೆ. ಉಳಿದವರು ಮರ ನೆಡಿರಿ, ಭಾಷೆ ಉಳಿಸಿರಿ ಎಂದು ಬರೆದಿದ್ದರು. ನೀವೊಬ್ಬರೇ ಒಂದು ಪ್ರಶ್ನೆ ಕೇಳಿದ್ದಿರಿ. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ, ಮನಸ್ಸು ಒಂದು ಕ್ಷಣವೂ ನಿಲ್ಲುವುದಿಲ್ಲ, ಕೈಗೆ ಕಟ್ಟಿದ ಗಡಿಯಾರ ನನ್ನ ಶಾಂತಿಗೆ ನೂರಕ್ಕೆ ಮೂವತ್ತೊಂದು ಅಂಕ ಕೊಟ್ಟಿದೆ, ನನ್ನಂಥವಳಿಂದ ಇದು ಆಗದೇನೋ, ನಿಮ್ಮ ಕಾಲಕ್ಕೆ ದಾರಿ ಗೊತ್ತಾಗಿದ್ದರೆ ಯಾರಾದರೂ ಉತ್ತರ ಬರೆಯಿರಿ ಎಂದಿದ್ದಿರಿ. ಮಾಸ್ತರರು ಅದನ್ನು ಓದಿ ನಕ್ಕು ನನ್ನ ಕೈಗೆ ಕೊಟ್ಟರು. “ತಗೋ ನಿಂಬೆವ್ವ, ರಾಡಿಯವರ ಕಾಗದ ರಾಡಿಯವರ ಮನ್ಯಾಗ ಇರಲಿ” ಎಂದರು.

ರಾಡಿ ಏನೆಂದು ಹೇಳಬೇಕು. ನಮ್ಮ ಊರಿನಲ್ಲಿ ಗುಡಿಯ ಪಕ್ಕಕ್ಕೆ ತಿಳಿಮನೆ ಇದೆ. ಒಂಬತ್ತು ವರ್ಷ ತುಂಬಿದ ಪ್ರತಿ ಮಗುವೂ ಅಲ್ಲಿ ಒಂದು ಗಳಿಗೆ, ಎಂದರೆ ಇಪ್ಪತ್ನಾಲ್ಕು ನಿಮಿಷ, ಹಣೆಪಟ್ಟಿ ಕಟ್ಟಿಕೊಂಡು ಅಲುಗಾಡದೆ ಕೂರಬೇಕು. ಪಟ್ಟಿಯ ನಡುವೆ ಒಂದು ಮಣಿ. ಮನಸ್ಸು ನಿಂತರೆ ಮಣಿ ಹಾಲಿನಂತೆ ಬೆಳ್ಳಗಾಗುತ್ತದೆ, ಅವರು ತಿಳಿಯವರು. ನಿಲ್ಲದಿದ್ದರೆ ಹೊಂಡದ ನೀರಿನ ಬಣ್ಣಕ್ಕೆ ತಿರುಗುತ್ತದೆ, ಅವರು ರಾಡಿಯವರು. ಮೂರು ಸಲ ರಾಡಿ ಬಂದರೆ ಅದು ಜನ್ಮಕ್ಕೆ ಅಂಟಿತು. ನಾನು ಕೂತ ದಿನ ಕರುವಿನ ಹಗ್ಗ ಸರಿಯಾಗಿ ಬಿಗಿದೆನೋ ಇಲ್ಲವೋ ಎಂಬ ಚಿಂತೆ. ತಿಳಿಮನೆಯ ಒಡೆಯರು ಕೇಳಿದರು, “ಏನ ನೆನಸಾಕತ್ತೀದಿ ಹುಡುಗಿ?” “ಕರುವಿಂದ್ರೀ” ಎಂದೆ. “ತಲಿಯೋ ಇದು, ದನದ ಕೊಟ್ಟಿಗಿಯೋ?” ಎಂದರು. ಎಲ್ಲರೂ ನಕ್ಕರು. ಅವ್ವನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಉಳಿದ ಎರಡು ಸಲ ನಾನು ಕರುವನ್ನು ನೆನೆಯಬಾರದು ಎಂದುಕೊಂಡೇ ಕೂತೆ, ಕರುವೇ ಬಂತು. ಅಂದಿನಿಂದ ಧ್ಯಾನ ನನ್ನದಲ್ಲ ಎಂದು ನಂಬಿದೆ. ಪೂಜೆ ಬಿಡಲಿಲ್ಲ, ಸೋಮವಾರ ಬಿಡಲಿಲ್ಲ, ಗುಡಿಯ ದೀಪಕ್ಕೆ ಎಣ್ಣೆ ತಪ್ಪಿಸಲಿಲ್ಲ. ಕಣ್ಣು ಮುಚ್ಚಿ ಕೂರುವುದನ್ನು ಮಾತ್ರ ಮೂವತ್ತೆಂಟು ವರ್ಷ ಬಿಟ್ಟಿದ್ದೆ.

ಇದರಿಂದ ಏನು ನಷ್ಟ ಎಂದು ನೀವು ಕೇಳಬಹುದು. ಹೊಲಕ್ಕೆ, ಅಡಿಗೆಗೆ, ಮದುವೆಗೆ ರಾಡಿಯವರು ನಡೆಯುತ್ತಾರೆ. ಸಾಯುವವರ ಹತ್ತಿರ ಮಾತ್ರ ನಡೆಯುವುದಿಲ್ಲ. ಕೊನೆಯ ಹೊತ್ತಿಗೆ ಒಬ್ಬರೇ ಒಬ್ಬ ತಿಳಿಯವರು ಒಳಗೆ ಕೂತು ಧ್ಯಾನ ಹಿಡಿಯಬೇಕು. ಅದಕ್ಕೆ ಸಾಗಕೂಟ ಎನ್ನುತ್ತೇವೆ. ರಾಡಿಯವರು ಹೊಸ್ತಿಲು ದಾಟಿದರೆ, ಬಾಗಿಲಲ್ಲಿ ನಿಂತು ಮಾತಾಡಿದರೂ, ಹೋಗುವ ಜೀವ ದಾರಿ ತಪ್ಪುತ್ತದಂತೆ. ದಾಟಿದವರಿಗೆ ಗುಡಿಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ.

ಅವ್ವನ ಸರದಿ ಬಂದದ್ದು ಮೂರು ವರ್ಷದ ಹಿಂದೆ, ಮಟಮಟ ಮಧ್ಯಾಹ್ನ. ಆ ಹೊತ್ತಿಗೆ ನಮ್ಮಲ್ಲಿ ಯಾರೂ ಬೀದಿಗೆ ಇಳಿಯುವುದಿಲ್ಲ, ಬಿಸಿಲು ಅಂಥದು. ಒಳಗೆ ನನ್ನ ತಮ್ಮ ಶಿವಪುತ್ರ ಕೂತಿದ್ದ. ಅವನ ಮಣಿಯಷ್ಟು ಬಿಳಿ ಮಣಿ ಈ ಸೀಮೆಯಲ್ಲಿಲ್ಲ. ನಾನು ಹೊರಗೆ ಹೊಸ್ತಿಲ ಪಕ್ಕ ತಂಬಿಗೆ ಹಿಡಿದು ಕೂತಿದ್ದೆ. ಅವ್ವ ಕರೆದಳು. “ನಿಂಬೀ, ನೀರ ಕೊಡವ್ವಾ.” ತಮ್ಮ ಕೊಡುತ್ತಾನೆ ಎಂದುಕೊಂಡೆ. ಮತ್ತೆ ಕರೆದಳು. ಇಣುಕಿದೆ. ಅವನು ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದ. ಬಾಯಿ ತೆರೆದರೆ ಅವ್ವನ ದಾರಿ ಕೆಡುತ್ತದೆ ಎಂದು ಸೆರಗು ಕಚ್ಚಿಕೊಂಡೆ. ಮೂರನೆಯ ಸಲ ಹೆಸರಿಲ್ಲ, “ನೀರ” ಎಂದಷ್ಟೇ ಕೇಳಿತು. ಗಳಿಗೆ ತುಂಬಿದ ಮೇಲೆ ತಮ್ಮ ಎದ್ದು ಬಂದ. “ಅವ್ವ ಭಾಳ ಶಾಂತ ಹೋದಳು ನೋಡ ಅಕ್ಕಾ. ಒಂದ ಸದ್ದಿಲ್ಲ” ಎಂದ. “ಮೂರ ಸಲ ಕರದಳಲ್ಲೋ” ಎಂದೆ. “ನನಗ ಕೇಳಲಿಲ್ಲ. ಅಷ್ಟ ಆಳಕ್ಕ ಇಳದಿದ್ದೆ” ಎಂದ. ಹೇಳುವಾಗ ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ ಸುಮಂಗಲಕ್ಕ, ಹೆಮ್ಮೆ ಇತ್ತು. ಅವನ ಮಣಿಯನ್ನು ಊರವರೆಲ್ಲ ನೋಡಿ ಕೈ ಮುಗಿದರು. ನನ್ನ ಕೈಯ ತಂಬಿಗೆಯನ್ನು ಯಾರೂ ನೋಡಲಿಲ್ಲ. ಅವನನ್ನು ಬೈಯಲು ನನಗೆ ಬಾಯಿಲ್ಲ. ಅವನಿಗೆ ಕೇಳಿಸಲಿಲ್ಲ, ಕೇಳಿಸಿಕೊಂಡೂ ಕೂತವಳು ನಾನು. ಅದನ್ನು ಭಕ್ತಿ ಎಂದುಕೊಂಡಿದ್ದೆ.

ಆಮೇಲೆ ನಾನಾಗಿಯೇ ಕೂರಲು ಹಟ ಹಿಡಿದೆ. ಬೆಳಿಗ್ಗೆ ಅದೇ ಹೊಸ್ತಿಲ ಹತ್ತಿರ ಕಣ್ಣು ಮುಚ್ಚಿದೆ. ಎರಡು ಉಸಿರು ಆಗುವುದರೊಳಗೆ ಅವ್ವ ಕರೆಯುತ್ತಿದ್ದಳು. ಆ ದನಿಯನ್ನು ದಬ್ಬುತ್ತಿದ್ದೆ, ಅದು ಮತ್ತೆ ಬರುತ್ತಿತ್ತು. ಒಂದು ದಿನ ಕಾಶವ್ವ ಬಂದಳು. ಊರಿಗೆಲ್ಲ ಕೌದಿ ಹೊಲಿದುಕೊಡುವ ಮುದುಕಿ, ಹಿಂದೆ ಮುಂದೆ ಯಾರೂ ಇಲ್ಲದವಳು, ಅವಳೂ ರಾಡಿಯೇ. ತೀರಿಕೊಂಡವರ ಹಳೆಯ ಸೀರೆಗಳಿಂದ ಮನೆಯ ಮಗಳಿಗೆ ಒಂದು ಕೌದಿ ಹೊಲಿಯುವುದು ನಮ್ಮ ಪದ್ಧತಿ. ಅವ್ವನ ಸೀರೆ ಒಯ್ಯಲು ಬಂದವಳು ನನ್ನನ್ನು ನೋಡಿ ನಿಂತಳು. “ಕಣ್ಣ ಮುಚ್ಚಿ ಹಲ್ಲ ಕಡೀತೀಯಲ್ಲ, ಧ್ಯಾನಾ ಮಾಡಾಕತ್ತೀಯೋ, ಯಾರ ಕೂಡರ ಜಗಳಾ ಆಡಾಕತ್ತೀಯೋ?” ಎಂದಳು. ಕೂತರೆ ಅವ್ವ ಕರೀತಾಳೆ ಎಂದೆ. “ಕರೀಲಿ. ಓ ಅನ್ನು.” ಓ ಎಂದರೆ ಧ್ಯಾನ ಮುರಿಯುತ್ತದಲ್ಲ ಎಂದೆ. ಅವಳು ಸೀರೆಯ ಮೇಲೆ ಸೂಜಿ ಹಾಕಿ ಎಳೆದು ತೋರಿಸಿದಳು. “ನೋಡಿಲ್ಲೆ. ಸೂಜಿ ಕೆಳಗ ಮುಳಗತೈತಿ, ಮ್ಯಾಲ ಏಳತೈತಿ. ಮ್ಯಾಲ ಮ್ಯಾಲ ಇಟ್ಟರ ಹೊಲಿಗಿ ಬೀಳತೈತೇನ? ನಿನ್ನ ಮನಸ ಹೋತು, ಹೋದದ್ದು ನಿನಗ ಗೊತ್ತಾತು, ತಿರುಗಿ ಬಂದಿ. ಅದು ಒಂದ ಹೊಲಿಗಿ. ಇನ್ನೊಂದ ಹಾಕು.”

ಸುಮಂಗಲಕ್ಕ, ನೀವು ಕೇಳಿದ ದಾರಿ ಇಷ್ಟೇ. ಕೂರಿರಿ. ಉಸಿರು ಬರುವುದನ್ನು, ಹೋಗುವುದನ್ನು ನೋಡಿರಿ. ಮನಸ್ಸು ಕರುವಿನ ಹಿಂದೆ ಓಡುತ್ತದೆ, ಸಾರಿಗೆ ಉಪ್ಪು ಹಾಕಿದೆನೋ ಎನ್ನುತ್ತದೆ, ಸತ್ತವರನ್ನು ಕರೆತರುತ್ತದೆ. ಬೈಯಬೇಡಿರಿ. ಓ ಎಂದು ಉಸಿರಿಗೆ ತಿರುಗಿ ಬನ್ನಿರಿ. ನೂರು ಸಲ ಹೋದರೆ ನೂರು ಸಲ ಬನ್ನಿರಿ. ಇದರಿಂದ ಶಾಂತಿ ಸಿಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ನನಗೆ ಸಿಗಲಿಲ್ಲ. ಮೂರು ವರ್ಷ ಕೂತ ಮೇಲೆ ಈಗ ಪಕ್ಕದ ಮನೆಯ ಕೂಸು ಅಳುವ ಮೊದಲು ಮುಲುಗುವುದು ಕೇಳಿಸುತ್ತದೆ, ಎಮ್ಮೆ ನೀರಿಗೆ ಕೂಗುವುದು ಬೇರೆ, ಮೇವಿಗೆ ಕೂಗುವುದು ಬೇರೆ ಎಂದು ಗೊತ್ತಾಗುತ್ತದೆ. ಅವ್ವನ ದನಿಯೂ ಕೇಳಿಸುತ್ತದೆ, ಮೊದಲಿಗಿಂತ ಸ್ಪಷ್ಟವಾಗಿ. ಯುಗಾದಿಗೆ ಹೋಗಿ ಮತ್ತೆ ಪಟ್ಟಿ ಕಟ್ಟಿಸಿಕೊಂಡೆ. ಮಣಿ ಅದೇ ಹೊಂಡದ ಬಣ್ಣ. “ವಯಸ್ಸಾತು, ಇನ್ನರ ಬಿಡವ್ವಾ” ಎಂದು ಒಡೆಯರು ನಕ್ಕರು.

ನಿಮ್ಮ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಮೂವತ್ತೊಂದು ಅಂಕ ಬಂದ ದಿನ ಆ ಗಡಿಯಾರವನ್ನು ಬಿಚ್ಚಿ ಹಿಟ್ಟಿನ ಡಬ್ಬಿಯಲ್ಲಿ ಹೂತು, ನನ್ನ ಮನಸ್ಸಿಗೆ ಅಂಕ ಕೊಡಲು ನೀನು ಯಾರು ಎಂದು ಒಬ್ಬರಾದರೂ ಕೇಳಿದ್ದರೆ? ನೀವು ಕೇಳಲಿಲ್ಲ. ಮಣಿ ನೋಡಿ ನಾನೂ ಕೇಳಲಿಲ್ಲ. ಕೈಯಲ್ಲಿದ್ದದ್ದು ನಮ್ಮ ಕಾಲಕ್ಕೆ ಹಣೆಗೇರಿತು, ಅಷ್ಟೇ.

ಈ ಕಾಗದ ಇವತ್ತೇ ಬರೆಯಲು ಕಾರಣವಿದೆ. ಕಾಶವ್ವ ಹಾಸಿಗೆ ಹಿಡಿದು ಎಂಟು ದಿನವಾಯಿತು. ಇವತ್ತು ದಾಟುವುದಿಲ್ಲ ಎನ್ನುತ್ತಾರೆ. ಅವಳ ಸಾಗಕೂಟಕ್ಕೆ ತಿಳಿಮನೆಯವರು ಗೊತ್ತು ಮಾಡಿರುವುದು ನನ್ನ ತಮ್ಮನನ್ನೇ. ನಿನ್ನೆ ಸಂಜೆ, ಕೊನೆಯ ಹೊತ್ತಲ್ಲವೆಂದು ಇನ್ನೂ ಯಾರಿಗೂ ತಡೆ ಇರಲಿಲ್ಲ, ಅವಳು ನನ್ನ ಕೈ ಹಿಡಿದುಕೊಂಡು, “ನಿನ್ನ ತಮ್ಮ, ಆ ಕಲ್ಲ, ನನಗ ಬ್ಯಾಡ. ನೀ ಬಾ. ಬರುವಾಗ ನೀರ ತಗೊಂಡ ಬಾ” ಎಂದಳು. ಏಳು ವರ್ಷದವಳಿದ್ದಾಗಿನಿಂದ ಶ್ರಾವಣ ಸೋಮವಾರ ನಾನು ಗುಡಿಗೆ ಹೋಗದೆ ಇದ್ದದ್ದಿಲ್ಲ. ಇವತ್ತು ಬೆಳಿಗ್ಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿ, ಸ್ವಾಮಿಯ ಮುಖವನ್ನು ಬಹಳ ಹೊತ್ತು ನೋಡಿ ಬಂದೆ. ಇನ್ನು ಆ ಬಾಗಿಲು ನನಗಿಲ್ಲ. ಶಿವ ಗುಡಿಯಲ್ಲಿ ಮಾತ್ರ ಇರುವವನಾದರೆ ನನ್ನ ಐವತ್ತು ವರ್ಷ ಸುಳ್ಳು. ಅಲ್ಲ ಎಂದು ನಂಬಿ ಹೊರಟಿದ್ದೇನೆ. ನಂಬಿದರೂ ಕಣ್ಣು ಗುಡಿಯ ಕಡೆಗೇ ತಿರುಗುತ್ತದೆ.

ಬಿಸಿಲೇರುವ ಮುಂಚೆ ಕಾಶವ್ವನ ಹತ್ತಿರ ಇರಬೇಕು. ತಂಬಿಗೆ ತುಂಬಿಟ್ಟಿದ್ದೇನೆ. ದಾರಿಯಲ್ಲಿ ಶಾಲೆ ಸಿಗುತ್ತದೆ. ನಿಮ್ಮ ಪೆಟ್ಟಿಗೆ ಇದ್ದ ಜಾಗದಲ್ಲಿ, ಬಾಗಿಲಿನಿಂದ ಮೂರನೆಯ ಕಲ್ಲಿನ ಕೆಳಗೆ ಈ ಉತ್ತರ ಇಟ್ಟು ಹೋಗುತ್ತೇನೆ. ನೂರಾ ಅರವತ್ತಾರು ವರ್ಷ ತಡವಾಯಿತು, ನಿಮ್ಮ ಕೈಗೆ ಹೇಗೆ ತಲುಪಬೇಕೋ ನನಗೆ ತಿಳಿಯದು. ಒಯ್ಯಲು ಯಾರನ್ನಾದರೂ ಕಳಿಸಿರಿ. ಮಣಿ ಬಿಳಿ ಇದ್ದವರು ಬೇಡ. ಕರೆದರೆ ಓ ಎನ್ನುವವರನ್ನು ಕಳಿಸಿರಿ.