ತುಳಸಿ ನೀರಿನ ಚೊಂಬು

ಅಪ್ಪಾ,

ನೀವು ತೀರಿಹೋದ ಮೇಲೆ ಸೆಮಿನರಿ ಮುಗಿಸಿ ಬೆಳ್ತಂಗಡಿಯ ಚರ್ಚಿಗೆ ಸಭಾಪಾಲಕನಾಗಿ ಬಂದೆ. ಇವತ್ತು ನಮ್ಮ ಸಭೆಯ ಮಾರ್ತಕ್ಕ ಸಾಯುವ ಹೊತ್ತಿಗೆ, ಹಿಂದೂವಾಗಿಯೇ ಉಳಿದ ಅವರ ಅಣ್ಣ ತುಕ್ರಪ್ಪ ನಾರಾವಿಯಿಂದ ಸಣ್ಣ ಚೊಂಬಿನಲ್ಲಿ ತುಳಸಿ ನೀರು ಹಿಡಿದು ಬಂದರು.

ಸಭೆಯ ಹಿರಿಯರು ಬಾಗಿಲಿಗೆ ಅಡ್ಡ ನಿಂತರು. "ಅಯ್ಯನವರೇ, ಇದೆಲ್ಲ ನಮ್ಮಲ್ಲಿ ಉಂಟಾ? ನೀವೇ ಹೇಳಿ."

ಉಪದೇಶಿಯಾಗಿದ್ದ ನೀವು ಕಲಿಸಿದ್ದನ್ನೇ ನಾನು ಸೆಮಿನರಿಯ ಪರೀಕ್ಷೆಯಲ್ಲಿ ಬರೆದು ಮೊದಲಿಗನಾಗಿದ್ದೆ: ಇಂಥ ಆಚಾರವನ್ನು ಒಳಗೆ ಬಿಡಬಾರದು.

ಮಾರ್ತಕ್ಕನ ಉಸಿರು ಎಳೆಯುತ್ತಿತ್ತು. ತುಕ್ರಪ್ಪ, "ನನ್ನ ತಂಗಿ ಅಲ್ವಾ?" ಎಂದರು, ಅಷ್ಟೇ.

"ಒಳಗೆ ಬನ್ನಿ" ಎಂದೆ.

ಹಿರಿಯರು ಸಿಟ್ಟಿನಿಂದ ಹೊರನಡೆದರು. ನಾಳೆ ನನ್ನ ಮೇಲೆ ದೂರು ಬರೆಯುತ್ತಾರೆ. ಬರೆಯಲಿ.

ಅಮ್ಮ ಹೋದ ದಿನ ಅವಳ ಅಣ್ಣ, ನನ್ನ ಮಾವ, ನಮ್ಮ ಅಂಗಳದಲ್ಲಿ ಹಿಡಿದು ನಿಂತಿದ್ದದ್ದೂ ಇಷ್ಟೇ ಸಣ್ಣ ಚೊಂಬು. ಬಾಗಿಲಿಗೆ ಅಡ್ಡ ನೀವಿದ್ದಿರಿ.