ಮುಯ್ಯಿ ಬೆಂಚಿನ ಹಿಂದೆ ಕೂತ ಮಕ್ಕಳು

ಶಾಲೆಗಳಿಗೆ ಅನುದಾನ ಹಂಚುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಉಳಿತಾಯದ ಫಲವಾಗಿ ಐದನೇ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟಿದ್ದಾಳೆ. ಈ ಸಾಧನೆ ನಿಮ್ಮ ವಾರ್ಷಿಕ ವರದಿಯಲ್ಲಿ ಬರುವುದಿಲ್ಲವಾದ್ದರಿಂದ ಪತ್ರಿಕೆಯ ಮೂಲಕ ತಿಳಿಸುತ್ತಿದ್ದೇನೆ. ಹುಡುಗಿಯ ಹೆಸರು ಸ್ನೇಹ. ಬೂಕನಕೆರೆಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಳು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಒಂದು ನೋಟಿಸು ಕಳಿಸಿ, ನ್ಯಾಯ ಮುಗಿಯಿತೆಂದು ಊಟಕ್ಕೆ ಏಳುತ್ತೀರಿ.

ಕಳೆದ ವರ್ಷ ಆ ಶಾಲೆಯವರು ಬೆಂಚು ಕೇಳಿದ್ದರು. ಕೊಡುವುದಿಲ್ಲ ಎಂದು ಬರೆಯುವ ಧೈರ್ಯ ನಿಮಗಿರಲಿಲ್ಲ. ‘ಸಮುದಾಯದ ಸಹಭಾಗಿತ್ವದಲ್ಲಿ ಸಂಪನ್ಮೂಲ ಕ್ರೋಡೀಕರಿಸಿಕೊಳ್ಳತಕ್ಕದ್ದು’ ಎಂದು ಸುತ್ತೋಲೆ ಕಳಿಸಿದಿರಿ. ನಾನು ಕನ್ನಡ ಎಂ.ಎ. ಮಾಡಿದವಳು, ಹಳಗನ್ನಡದ ಕಾವ್ಯವನ್ನು ಈಗಲೂ ಸಂತೋಷಕ್ಕೆಂದೇ ಓದುವವಳು. ನಿಮ್ಮ ಈ ಸಾಲನ್ನು ಮಾತ್ರ ಎರಡೆರಡು ಸಲ ಓದಬೇಕಾಯಿತು. ತಿರಿದು ತನ್ನಿ ಎನ್ನುವುದನ್ನು ಇಷ್ಟು ಮರ್ಯಾದೆಯಿಂದ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಊರಿನವರಿಗೆ ಆ ಭಾಷೆ ದಕ್ಕಲಿಲ್ಲ. ಅವರಿಗೆ ಗೊತ್ತಿದ್ದದ್ದು ಮುಯ್ಯಿ. ಮದುವೆಮನೆಯಲ್ಲಿ ಹಣ ಕೊಟ್ಟು ಮುಯ್ಯಿ ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಕೊಟ್ಟದ್ದು ಎಂದಾದರೊಂದು ದಿನ ಕೊಟ್ಟ ಮನೆಗೇ ತಿರುಗಿ ಬರಬೇಕು. ಅದೇ ಪ್ರಕಾರ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಶಾಲೆಗೂ ಮುಯ್ಯಿ ಮಾಡಿದರು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ರಂಗಸ್ವಾಮಿ ಒಬ್ಬೊಬ್ಬರ ಹೆಸರನ್ನೂ ಕೂಗಿದರು. ಮುಯ್ಯಿ ಎಂದ ಮೇಲೆ ತಿರುಗಿಸಬೇಕಲ್ಲ? ಬೆಂಚಿನ ಬೆನ್ನಿಗೆ ಕೊಟ್ಟ ಮನೆಯವರ ಹೆಸರು ಬರೆಸಿ, ಆ ಮನೆಯ ಮಗುವನ್ನೇ ಅದರ ಮೇಲೆ ಕೂರಿಸಿದರು. ಇದರಲ್ಲಿ ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಅದಕ್ಕೆ ಬೇಕಾದಷ್ಟು ಓದಿದವರೆಲ್ಲ ನಿಮ್ಮ ಕಚೇರಿಯಲ್ಲಿದ್ದಾರೆ.

ಮುಯ್ಯಿ ಮಾಡಲಾಗದವರ ಮಕ್ಕಳು ಬೆಂಚುಗಳ ಹಿಂದೆ, ನೆಲದ ಮೇಲೆ ಉಳಿದರು. ಮುಂದೆ ಕೂರಿಸಬಹುದಿತ್ತಲ್ಲ ಎನ್ನುತ್ತೀರಿ. ಮುಯ್ಯಿ ಮಾಡಿದವರ ಮುಂದೆ ಮಾಡದವರನ್ನು ಕೂರಿಸುವ ಪದ್ಧತಿ ಈ ಕಡೆ ಇಲ್ಲ. ಎಲ್ಲರೂ ಚಾಪೆಯ ಮೇಲೆ ಕೂರುತ್ತಿದ್ದಾಗ ಕಪ್ಪುಹಲಗೆ ಎಲ್ಲರಿಗೂ ಕಾಣುತ್ತಿತ್ತು. ಈಗ ಹಿಂದಿನವರಿಗೆ ಕಾಣುವುದು ಮುಂದಿನವರ ಮನೆತನದ ಹೆಸರು.

ಆ ಬೆಂಚುಗಳನ್ನೆಲ್ಲ ಮಾಡಿದವರು ಸ್ನೇಹಳ ಅಪ್ಪ, ಬಡಗಿ ಮೌನೇಶ್. ಕೂಲಿಯೆಲ್ಲ ಮನೆ ಬಾಡಿಗೆಗೂ ಹೆಂಡತಿ ರಾಧಾಮಣಿಯ ಔಷಧಿಗೂ ಹೋಯಿತು; ಮೈಕಿನಲ್ಲಿ ಅವರ ಹೆಸರು ಬರಲಿಲ್ಲ. ಪ್ರತಿ ಶನಿವಾರ ಆ ಮಕ್ಕಳಿಗೆ ಪದ್ಯ ಓದಿಸಲು ಹೋಗುವ ನಾನು, ಬೆಂಚು ಮಾಡಿದವರ ಮಗಳೇ ನೆಲದ ಮೇಲೆ ಕೂರಬೇಕೇ ಎಂದು ರಂಗಸ್ವಾಮಿಯವರನ್ನು ಕೇಳಿದೆ.

“ಅವ್ನು ಕೂಲಿ ತಗಂಡವ್ನೆ ಮೇಡಂ. ಕೂಲಿ ತಗಂಡ್ಮೇಲೆ ಮುಯ್ಯಿ ಎಂಗಾದದು? ಅಡ್ಗೆ ಭಟ್ರು ಅನ್ನ ಬೇಯ್ಸುದ್ರು ಅಂತ ಮದ್ವೆ ಮುಯ್ಯೀಲಿ ಅವ್ರ ಹೆಸ್ರು ಕೂಗ್ತೀವಾ?”

“ಮಗು ಏನು ಮಾಡಿತ್ತು?”

“ಮಗಿಗೆ ನಾವೇನಂದೊ? ಬರ್ಲಿ, ಕೂತ್ಕಳ್ಳಿ. ನೆಲ ಸರ್ಕಾರದ್ದಲ್ವಾ.”

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿ ನೋಡಿದೆ. ಸಿಗಲಿಲ್ಲ. ನೀವು ಯಾವ ಭೇದವನ್ನೂ ಮಾಡದೆ ಕೊಟ್ಟಿರುವುದು ನೆಲವೊಂದನ್ನೇ.

ಸ್ನೇಹ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದಳು. ಅಲ್ಲಿ ಸೀಟು ಸಿಕ್ಕರೆ ಊಟ, ಪುಸ್ತಕ, ಓದು ಎಲ್ಲವೂ ನಡೆಯುತ್ತದೆ. ಸಿಗದಿದ್ದರೆ ಆ ಮನೆಗೆ ಬೇರೆ ದಾರಿಯಿಲ್ಲ. ಮಾದರಿ ಲೆಕ್ಕಗಳನ್ನು ಹಲಗೆಯ ಮೇಲೆ ಬರೆದಾಗ ಇವಳು ಎದ್ದು ನಿಂತು ಬರೆದುಕೊಳ್ಳುತ್ತಿದ್ದಳು. ಹಿಂದಿನ ಹುಡುಗರು ಸುಮ್ಮನಿರುತ್ತಾರೆಯೇ? “ಕೂತ್ಕಳಮ್ಮಿ, ನೀನೇನ್ ಗಾಜಾ?” ಎಂದು ರೇಗಿಸುತ್ತಿದ್ದರು. ಇದನ್ನು ಕೇಳಿ ಮೌನೇಶ್ ಮಗಳಿಗೊಂದು ಎತ್ತರದ ಸ್ಟೂಲು ಮಾಡಿ ತಂದಿಟ್ಟರು. ಮಾರನೇ ದಿನವೇ ಮುಂದಿನ ಬೆಂಚಿನ ಹುಡುಗನ ತಾಯಿ ಸುನಿತಾ ಬಾಗಿಲಲ್ಲಿ ನಿಂತಿದ್ದರು: “ಮುಯ್ಯಿ ಮಾಡ್ದೆನೂ ಕೂರಂಗಿದ್ರೆ ನಾವ್ಯಾಕೆ ಓಲೆ ಅಡ ಇಟ್ಟು ಮಾಡ್ದೊ?” ಅವರ ಕಿವಿಯಲ್ಲಿ ಬೇವಿನಕಡ್ಡಿ ಇತ್ತು. ಸ್ಟೂಲು ಮೌನೇಶರ ತಲೆಯ ಮೇಲೆ ಮನೆಗೆ ಹೋಯಿತು. ಜೊತೆಯಲ್ಲಿ ಸ್ನೇಹಳೂ ಹೋದಳು. ಮತ್ತೆ ಬರಲಿಲ್ಲ.

ನೀವು ಸುಮ್ಮನೆ ಕೂತವರಲ್ಲ. ಬೆಂಚುಗಳ ಫೋಟೋ ನೋಡಿ ಹಿಗ್ಗಿ, ಇದೊಂದು ಮಾದರಿ, ಉಳಿದ ಶಾಲೆಗಳೂ ಅನುಸರಿಸಲಿ ಎಂದಿರಿ. ಪಾಂಡವಪುರದಿಂದ, ನಾಗಮಂಗಲದಿಂದ ಈಗ ಮೌನೇಶರಿಗೆ ಬೆಂಚಿನ ಆರ್ಡರು. ಹೋದ ಶನಿವಾರ ಅವರ ಶೆಡ್ಡಿಗೆ ಹೋದೆ. ಸ್ನೇಹ ಮಂಡಿಯೂರಿ ಬೆಂಚಿಗೆ ಉಜ್ಜುಕಾಗದ ಹಾಕುತ್ತಿದ್ದಳು. ಕಣ್ಣಿನ ರೆಪ್ಪೆಯ ಮೇಲೂ ಮರದ ಪುಡಿ. ಪರೀಕ್ಷೆ ಬಂತಲ್ಲಮ್ಮ ಎಂದೆ.

“ಇದು ನಾಗ್ಮಂಗ್ಲದ ಸ್ಕೂಲಿಂದು ಮಿಸ್. ಕೂರೋರ್ಗೆ ಸಿಬ್ರು ಚುಚ್ಬಾರ್ದಂತೆ.”

ಮೌನೇಶ್ ಉಳಿಯಿಂದ ಕಣ್ಣೆತ್ತಲಿಲ್ಲ. “ಅಲ್ಲೂ ಇಂಗೇ ಮೈಕ್ ಕಟ್ಟುಸ್ತಾವ್ರಂತೆ ಅಕ್ಕಾರೆ. ನಮ್ಗೆ ಕೆಲ್ಸಕ್ಕೇನ್ ಮೋಸಿಲ್ಲ ಬುಡಿ.”

ಪ್ರಶ್ನೆಪತ್ರಿಕೆ ಎಲ್ಲ ಮಕ್ಕಳಿಗೂ ಒಂದೇ, ಆದ್ದರಿಂದ ಅವಕಾಶವೂ ಒಂದೇ ಎಂದು ನೀವು ಸಭೆಗಳಲ್ಲಿ ಹೇಳುತ್ತೀರಿ. ನಿಮ್ಮ ಮಕ್ಕಳು ಓದುವ ಶಾಲೆಯಲ್ಲಿ ಒಂದು ದಿನ ಹಲಗೆಗೆ ಗೋಣಿ ಹೊದಿಸಿ, ಅಲ್ಲಿ ಈ ಮಾತನ್ನು ಹೇಳಿ ನೋಡುತ್ತೀರಾ? ಬಡವರ ಮಕ್ಕಳಿಗೆ ಬುದ್ಧಿ ಕಡಿಮೆ ಎಂದು ನೀವು ಎಂದೂ ಹೇಳಿದವರಲ್ಲ. ಅವರು ಹಾಗೆ ಕಾಣುವಂತೆ ಏರ್ಪಾಟು ಮಾಡಿದ್ದೀರಿ, ಅಷ್ಟೆ.

ನನ್ನ ಬೇಡಿಕೆ ಇದು. ಆ ಸುತ್ತೋಲೆಯನ್ನು ಹಿಂದಕ್ಕೆ ಪಡೆಯಿರಿ. ಒಂದು ಮಗುವನ್ನೂ ಬಿಡದಂತೆ ಎಲ್ಲರಿಗೂ ಸರ್ಕಾರದ ಬೆಂಚು ಕೊಡಿ, ಹೆಸರುಗಳನ್ನು ಅಳಿಸಿ. ಬರುವ ತಿಂಗಳು ಪರೀಕ್ಷೆ, ಅದಕ್ಕೂ ಮುಂಚೆ. ಕಡತ ಅಷ್ಟು ಬೇಗ ಸರಿಯುವುದಿಲ್ಲ ಎನ್ನುವುದಾದರೆ ನೀವೇ ಆ ಶೆಡ್ಡಿಗೆ ಬನ್ನಿ. ಸ್ನೇಹಳ ಕೈಯಿಂದ ಉಜ್ಜುಕಾಗದ ಇಸಕೊಂಡು ಅವಳನ್ನು ಶಾಲೆಗೆ ಕಳಿಸಿ, ಅವಳು ಅರ್ಧಕ್ಕೆ ಬಿಟ್ಟ ಬೆಂಚನ್ನು ಮಂಡಿಯೂರಿ ಮುಗಿಸಿ. ಕೂಲಿಯ ಬಗ್ಗೆ ಅನುಮಾನ ಬೇಡ. ಮೌನೇಶ್ ಯಾರಿಂದಲೂ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವವರಲ್ಲ.

ಇಂತಿ,
ಯಾರ ಮುಯ್ಯಿಯೂ ಇಲ್ಲದೆ ಸರ್ಕಾರಿ ಬೆಂಚಿನ ಮೇಲೆ ಕೂತು ಎಂ.ಎ. ಮುಗಿಸಿಬಿಟ್ಟ ಹಳೆಯ ಕಾಲದವಳು,
ಕೆ.ಆರ್. ಪೇಟೆ