ಕರಪತ್ರದ ಎರಡನೆಯ ಹೆಸರು

ಹಾಲೇಶ,

ನಿನಗೆ ಕೆನಡಾದಲ್ಲಿ ಕಾಯಂ ವಾಸದ ಪತ್ರ ಸಿಕ್ಕಿದ್ದು ಇವತ್ತು ನಿನ್ನ ಅವ್ವ ಕಳಕಮ್ಮನಿಂದ ತಿಳಿಯಿತು. ನೀನು ವೆಲ್ಡಿಂಗ್ ಮಾಡುವ ಕಂಪನಿಯೇ ಮುಂದೆ ನಿಂತು ಕೊಡಿಸಿತಂತೆ. ಹಿಟ್ನಾಳದಿಂದ ಬಸ್ಸು ಹತ್ತಿ, ಸಿಹಿ ಮಾದಲಿಯ ಡಬ್ಬಿ ಹಿಡಿದು, ನಾನು ಕರಪತ್ರ ಅಚ್ಚು ಹಾಕಿಸುವ ಕೊಪ್ಪಳದ ಪ್ರೆಸ್ಸಿಗೇ ಬಂದಿದ್ದಳು.

"ಕರಪತ್ರದಾಗ ಇನ್ನ ಅವನ ಹೆಸರ ಹಾಕಬ್ಯಾಡಂತಪ. ಅಲ್ಲಿ ಕಂಪನಿಯವರು ನೋಡಿದ್ರ ಛಲೋ ಅಲ್ಲಂತ."

ನೀನು ಹೋದ ಮೇಲೂ, ಕಾರ್ಖಾನೆಯ ಕರಿಬೂದಿಯ ವಿರುದ್ಧ ಅಚ್ಚಾದ ಪ್ರತಿ ಕರಪತ್ರದ ಕೆಳಗೆ ನಮ್ಮಿಬ್ಬರ ಹೆಸರೂ ಇರುತ್ತಿತ್ತು. "ಊರು ಬಿಟ್ಟು ಓಡುವವರು ಹೇಡಿಗಳು" ಎಂಬ ಸಾಲು ನಿನ್ನದೇ. ಅದನ್ನೂ ನಾನು ತೆಗೆದಿರಲಿಲ್ಲ.

ಇವತ್ತು ನಿನ್ನ ಹೆಸರು, ಆ ಸಾಲು ಎರಡನ್ನೂ ಕೆಂಪು ಪೆನ್ನಿನಿಂದ ಹೊಡೆದುಹಾಕಿದೆ. ಡಬ್ಬಿಯನ್ನು ಮುಟ್ಟಲಿಲ್ಲ.

ಪ್ರೆಸ್ಸಿನ ಕರಿಬಸಪ್ಪ ಪ್ರೂಫ್ ನೋಡಿ ನಕ್ಕ. "ಒಬ್ಬರ ಹೆಸರಿಗೆ ಯಾರ ಅಂಜತಾರ್ರಿ? ಇನ್ನೊಂದು ಹೇಳ್ರಿ."

ಇಷ್ಟು ವರ್ಷ ಭಾಷಣ ಮಾಡಿದ ನನಗೆ ಒಂದು ಹೆಸರೂ ಹೊಳೆಯಲಿಲ್ಲ.

"ನಂದ ಹಾಕು" ಅಂದಳು ನಿನ್ನ ಅವ್ವ. "ದಿನಾ ಅಂಗಳದಾಗಿನ ಬೂದಿ ಬಳದು ಚೆಲ್ಲಾಕಿ ನಾನ ಅಲ್ಲೇನು?"

ಕರಿಬಸಪ್ಪ ನಗುವುದನ್ನು ನಿಲ್ಲಿಸಿ ಟೈಪ್ ಮಾಡಿದ.

ಹೋಗುವಾಗ ಅವಳು ಬಾಗಿಲಲ್ಲಿ ತಿರುಗಿ ನಿಂತಳು. "ಅವಗ ಹೇಳಬ್ಯಾಡಪ. ಅಲ್ಲಿ ಒಬ್ಬನ ಅದಾನ."

ಹೇಳುವುದಿಲ್ಲ. ಈ ಕಾಗದವನ್ನು ಅಂಚೆಗೂ ಹಾಕುವುದಿಲ್ಲ.